ಮಗುವಿನ ಭಾಷೆ ಯಾವುದೆಂದು ಮೊದಲು ಕೇಳಿರಿ

ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ನಮ್ಮ ಹಿರಿಯರೊಬ್ಬರು ಒಂದು ಮಾತು ಆಡಿದರು. ಪಕ್ಕದಲ್ಲಿ ಕುಳಿತವರು ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಯ ತೊಂದರೆಗಳನ್ನು ಹೇಳಿಕೊಳ್ಳುತ್ತಿದ್ದರು. ಹಿರಿಯರು ಅರ್ಧಕ್ಕೇ ತಡೆದು, "ಅಲ್ರೀ, ಅಂಥಾ ಮಕ್ಕಳಿಗೆ ಸರಕಾರ ಈಗ ಎಲ್ಲಾ ಕೊಡತದಲ್ಲ. ಫೀ ಇಲ್ಲ, ಪರೀಕ್ಷಾದಾಗ ಹೆಚ್ಚಿನ ವೇಳೆ, ಭಾಷಾ ಬಿಡಲಿಕ್ಕೂ ಅವಕಾಶ. ಇನ್ನೇನು ಬೇಕಂತ?" ಎಂದರು. ಅದೇ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದ ತಾಯಿಯೊಬ್ಬರ ಮನೆಯಲ್ಲಿ ಅಂಥ ಮಗುವಿದೆ. ಅವರು ಕೇಳಿಯೂ ಕೇಳದವರಂತೆ ಮುಂದೆ ನಡೆದರು.

ಆ ಹಿರಿಯರ ಮೇಲೆ ನಮಗೆ ಗೌರವವಿದೆ. ಅವರ ಹೆಸರೆತ್ತುವುದು ನಮ್ಮ ಉದ್ದೇಶವಲ್ಲ. ಆದರೆ ಈ ಮಾತು ಅವರೊಬ್ಬರದಲ್ಲ; ನಮ್ಮ ಸಭೆಗಳಲ್ಲಿ, ಮದುವೆ-ಮುಂಜಿವೆಗಳಲ್ಲಿ ಪದೇ ಪದೇ ಕಿವಿಗೆ ಬೀಳುವಂಥದು. ಆದ್ದರಿಂದ ಇದಕ್ಕೆ ಬಹಿರಂಗವಾಗಿಯೇ ಉತ್ತರ ಹೇಳಬೇಕಾಗಿದೆ. ನಮ್ಮ ಉತ್ತರವಿಷ್ಟೆ: ಸರಕಾರ ಕೊಡುತ್ತಿರುವುದು ದಾನವಲ್ಲ; ಕೊಟ್ಟದ್ದು ಸಾಲದು; ಕೊಟ್ಟಷ್ಟೂ ಪರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮನೆಯ ಮಗುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಮುಟ್ಟದಿರಲು ಮುಖ್ಯ ಕಾರಣ, ಆ ಮಗುವಿನ ಭಾಷೆ ಯಾವುದೆಂದು ಯಾರೂ ಮೊದಲು ಕೇಳುವುದಿಲ್ಲ.

ಮೊದಲು ದಾನದ ಮಾತನ್ನು ಮುಗಿಸೋಣ. ೧೯೯೫ರ ಹಳೆಯ ಕಾಯದೆಯ ಜಾಗದಲ್ಲಿ ೨೦೧೬ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯದೆ ಬಂದಿತು. ಅದರ ಹೆಸರಿನಲ್ಲಿಯೇ 'ಹಕ್ಕು' ಎಂಬ ಶಬ್ದವಿದೆ. ಕುರುಡು, ಕಿವುಡುಗಳಷ್ಟೇ ಅಲ್ಲದೆ, ಆಟಿಸಂ, ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಮೊದಲಾಗಿ ೨೧ ಬಗೆಯ ವೈಕಲ್ಯಗಳನ್ನು ಅದು ಗುರುತಿಸಿದೆ. ಶೇಕಡಾ ೪೦ ಅಥವಾ ಅದಕ್ಕೂ ಮಿಕ್ಕಿದ ವೈಕಲ್ಯವೆಂದು ಪ್ರಮಾಣಿತವಾದ ಮಗುವಿಗೆ ೬ರಿಂದ ೧೮ ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ ಎಂದು ಅದರ ೩೧ನೆಯ ಕಲಮು ಸಾರುತ್ತದೆ. ಸರಕಾರದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಶಾಲೆಗಳೆಲ್ಲ ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ೧೬ನೆಯ ಕಲಮು ಹೇಳುತ್ತದೆ. ನಮ್ಮ ಸಾಮಾನ್ಯ ಮಕ್ಕಳನ್ನು ಶಾಲೆಗೆ ಕಳಿಸುವಾಗ 'ಸರಕಾರ ದೊಡ್ಡ ಮನಸ್ಸು ಮಾಡಿತು' ಎಂದು ನಾವು ಯಾರೂ ಕೈಮುಗಿಯುವುದಿಲ್ಲ. ಈ ಮಕ್ಕಳ ತಾಯಿತಂದೆಗಳು ಮಾತ್ರ ಏಕೆ ಮುಗಿಯಬೇಕು?

ಇನ್ನು 'ಎಲ್ಲಾ ಕೊಡುತ್ತದೆ' ಎಂಬುದರ ಲೆಕ್ಕ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ ನಿಯಮಾವಳಿ ಇಂಥ ಒಂದು ಮಗುವಿಗೆಂದು ವರ್ಷಕ್ಕೆ ಇಟ್ಟ ಮೊತ್ತ ೩,೫೦೦ ರೂಪಾಯಿ. ಹೆಣ್ಣುಮಗುವಾದರೆ ತಿಂಗಳಿಗೆ ೨೦೦ ರೂಪಾಯಿಯಂತೆ ಹತ್ತು ತಿಂಗಳ ವಿದ್ಯಾರ್ಥಿವೇತನ. ೩,೫೦೦ನ್ನು ೩೬೫ರಿಂದ ಭಾಗಿಸಿರಿ: ದಿನಕ್ಕೆ ಹತ್ತು ರೂಪಾಯಿ ಕೂಡ ಆಗುವುದಿಲ್ಲ. ಪುಣೆಯಲ್ಲಿ ಒಂದು ವಡಾಪಾವಿಗೆ ಸಾಲದ ಹಣದಲ್ಲಿ ಮಗುವಿನ ಉಪಕರಣ, ವಿಶೇಷ ಪಠ್ಯಸಾಮಗ್ರಿ, ಹೋಗಿಬರುವ ಖರ್ಚು ಎಲ್ಲವೂ ನೀಗಬೇಕು!

ಶಿಕ್ಷಕರ ಲೆಕ್ಕ ಇದಕ್ಕಿಂತ ಬಡವು. ಸಾಮಾನ್ಯ ಶಾಲೆಗಳಲ್ಲಿ ಎಷ್ಟು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂಬುದನ್ನು ನಿಗದಿಮಾಡಿರೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರ ಅಕ್ಟೋಬರಿನಲ್ಲಿ ಆಜ್ಞೆಮಾಡಿತು. ಅದರಂತೆ ಪ್ರಾಥಮಿಕ ತರಗತಿಗಳಲ್ಲಿ ಹತ್ತು ಮಕ್ಕಳಿಗೊಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರು ಎಂದು ೨೦೨೨ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿತು. ಮಹಾರಾಷ್ಟ್ರ ಸರಕಾರ ೨೦೨೪ರಲ್ಲಿ ೪,೮೬೦ ವಿಶೇಷ ಶಿಕ್ಷಕರ ಹುದ್ದೆಗಳನ್ನು ನಿರ್ಮಿಸಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಅದು ಒಂದೊಂದು 'ಕೇಂದ್ರ'ಕ್ಕೆ, ಅಂದರೆ ಹಲವು ಶಾಲೆಗಳ ಒಂದು ಗುಂಪಿಗೆ, ಒಬ್ಬರ ಲೆಕ್ಕ. ಗುಂಪಿನಲ್ಲಿ ಹತ್ತು ಶಾಲೆಗಳಿದ್ದರೆ ಒಂದು ಶಾಲೆಯ ಪಾಲಿಗೆ ಆ ಶಿಕ್ಷಕರು ಬರುವುದು ತಿಂಗಳಲ್ಲಿ ಎರಡು-ಮೂರು ದಿನ. ಮಿಕ್ಕ ದಿನಗಳಲ್ಲಿ ಮಗು ಏನು ಮಾಡಬೇಕು? ರಾಜ್ಯಗಳು ಬೇಕಾದಷ್ಟು ಹುದ್ದೆಗಳನ್ನು ಮಂಜೂರುಮಾಡಿ ಪ್ರಕಟಿಸಬೇಕೆಂದು ೨೦೨೫ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ ಹೇಳಬೇಕಾಯಿತು. ನ್ಯಾಯಾಲಯ ಒಂದೇ ಮಾತನ್ನು ಎರಡು ಸಲ ಹೇಳುವ ಪ್ರಸಂಗ ಬಂದಿದೆ ಎಂದಮೇಲೆ, ಮೊದಲ ಸಲ ಹೇಳಿದ್ದರ ಗತಿಯೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯವಾಗಿ ಹೇಳಬೇಕಾದ ಒಂದು ಮಾತನ್ನು ನಾವು ಮರೆಮಾಚಲಾರೆವು. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯತಿಗಳನ್ನು ೧೯೯೬ರಷ್ಟು ಹಿಂದೆಯೇ ವಿಧಿವತ್ತಾಗಿ ಕೊಟ್ಟ ಸರಕಾರ ಮಹಾರಾಷ್ಟ್ರದ್ದು. 'ತಾರೇ ಜಮೀನ್ ಪರ್' ಚಿತ್ರ ೨೦೦೭ರಲ್ಲಿ ಬಂದು ದೇಶದ ಕಣ್ಣಲ್ಲಿ ನೀರು ತರಿಸುವುದಕ್ಕೆ ಹನ್ನೊಂದು ವರ್ಷ ಮೊದಲು! ನಮಗೆ ಆಶ್ರಯಕೊಟ್ಟ ಈ ನಾಡಿನ ಬಗ್ಗೆ ನಮಗೆ ಕೃತಜ್ಞತೆಯಿದೆ. ಕರ್ನಾಟಕದಲ್ಲಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತೆಂದು ವಾದಿಸುವವರೂ ನಾವಲ್ಲ. ಬೆಳಗಾವಿಯ ಕನ್ನಡ ಶಾಲೆಯಲ್ಲಿ ಕುಳಿತ ಮರಾಠಿ ಮನೆಯ ಮಗುವಿಗೂ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದ ಒಡಿಯಾ ಕೂಲಿಯ ಮಗುವಿಗೂ ನಾವು ಇಲ್ಲಿ ಕೇಳುವುದೆಲ್ಲ ಅಷ್ಟೇ ಸಲ್ಲಬೇಕು. ಇದು ಮರಾಠಿ-ಕನ್ನಡದ ಜಗಳವಲ್ಲ. ಹಾಗೆ ಮಾಡಲು ಹೊರಟವರನ್ನು ನಾವು ಹತ್ತಿರ ಸೇರಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಬಳಗದ ಎರಡು ಮನೆಗಳ ಸಂಗತಿ ಹೇಳುತ್ತೇವೆ. ಹೆಸರು, ಶಾಲೆ, ಬಡಾವಣೆ ಯಾವುದೂ ಬೇಡ.

ಮೊದಲನೆಯದು ವಿಜಾಪುರ ಸೀಮೆಯಿಂದ ಬಂದ ವಾಚ್‌ಮನ್ನರ ಮನೆ. ಹುಡುಗ ಮರಾಠಿ ಶಾಲೆಯಲ್ಲಿ ಮೊದಲನೆಯ ಇಯತ್ತೆಗೆ ಸೇರಿದ. ಕರೆದರೆ ತಿರುಗುವುದಿಲ್ಲ, ಕೇಳಿದರೆ ಉತ್ತರವಿಲ್ಲ. "ಕನ್ನಡದ ಹುಡುಗ, ಭಾಷೆ ತಿಳಿಯುವುದಿಲ್ಲ, ಬಂದಮೇಲೆ ಸರಿಹೋಗುತ್ತಾನೆ" ಎಂದರು ಶಾಲೆಯಲ್ಲಿ. ಕೇಡೆಣಿಸಿ ಹೇಳಿದ್ದಲ್ಲ, ಸಹಾನುಭೂತಿಯಿಂದಲೇ ಹೇಳಿದ್ದು. ಹೀಗೆ ಎರಡು ವರ್ಷ ಕಳೆದವು. ಒಂದು ರವಿವಾರ ನಮ್ಮಲ್ಲಿಯ ನಿವೃತ್ತ ಶಿಕ್ಷಕಿಯೊಬ್ಬರು ಹುಡುಗನ ಬೆನ್ನ ಹಿಂದೆ ನಿಂತು ಕನ್ನಡದಲ್ಲಿಯೇ ಕರೆದರು. ಆಗಲೂ ಅವನು ತಿರುಗಲಿಲ್ಲ. ಎದುರಿಗೆ ಬಂದು ಮಾತಾಡಿದರೆ ಅವರ ತುಟಿಗಳನ್ನೇ ನೋಡುತ್ತ ಉತ್ತರಕೊಟ್ಟ. ಕಿವಿ ತಪಾಸಣೆಯಾಯಿತು; ಎರಡೂ ಕಿವಿಗಳಲ್ಲಿ ದೋಷ. ಶ್ರವಣಯಂತ್ರ ಹಾಕಿದಮೇಲೆ ಅವನಿಗೆ ಮರಾಠಿಯೂ ಬಂದಿತು, ಲೆಕ್ಕವೂ ಬಂದಿತು. ಆದರೆ ಕಳೆದ ಎರಡು ವರ್ಷಗಳನ್ನು ಅವನಿಗೆ ಯಾರು ಮರಳಿ ಕೊಡುವವರು?

ಎರಡನೆಯದು ಇಂಜಿನಿಯರರ ಮನೆ. ಆರು ವರ್ಷದ ಹುಡುಗಿ, ಇಂಗ್ಲಿಷ್ ಮಾಧ್ಯಮ. ಮಾತು ತಡವಾಗಿ ಬಂದಿತ್ತು. ಬಂದ ಮಾತೆಲ್ಲ ಅಜ್ಜಿಯಿಂದ ಕಲಿತ ಕನ್ನಡ. ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ, ನಡುವೆ ಅಷ್ಟಿಷ್ಟು ಮರಾಠಿ. 'ಬುದ್ಧಿಮಾಂದ್ಯ' ಎಂದು ಬರೆದುಕೊಟ್ಟರು. ಒಂದು ವರ್ಷದ ನಂತರ, ಕನ್ನಡ ಬಲ್ಲ ಮನೋವಿಜ್ಞಾನಿಯೊಬ್ಬರು ಊರಕಡೆ ಮತ್ತೆ ಪರೀಕ್ಷಿಸಿದಾಗ ತೊಂದರೆ ಮಾತಿಗೆ ಸಂಬಂಧಿಸಿದ್ದೆಂದೂ ಬುದ್ಧಿಗೆ ಸಂಬಂಧಿಸಿದ್ದಲ್ಲವೆಂದೂ ತಿಳಿಯಿತು.

ಎರಡು ತಪ್ಪುಗಳ ದಿಕ್ಕು ಬೇರೆ, ಬೇರು ಒಂದೇ. ಮೊದಲನೆಯ ಮನೆಯಲ್ಲಿ ಭಾಷೆಯ ಹಿಂದೆ ವೈಕಲ್ಯ ಅಡಗಿತು. ಎರಡನೆಯದರಲ್ಲಿ ಭಾಷೆಯೇ ವೈಕಲ್ಯವಾಗಿ ಕಂಡಿತು. ಎರಡು ಕಡೆಯೂ ಅರ್ಜಿಯಲ್ಲಿ 'ಮಾತೃಭಾಷೆ' ಎಂಬ ಕಾಲಮು ಇದ್ದಿತು, ತುಂಬಿಯೂ ಇದ್ದರು. ಅದನ್ನು ಓದಿ ಏನಾದರೂ ಮಾಡಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ.

'ಅಲ್ಪಸಂಖ್ಯಾತ ಭಾಷೆಗಳಲ್ಲಿ ಪರೀಕ್ಷಿಸುವ ಸಾಧನವೆಲ್ಲಿದೆ?' ಎಂಬ ಆಕ್ಷೇಪ ಬರುವುದು ಖಂಡಿತ. ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು ಡಿಸ್‌ಲೆಕ್ಸಿಯಾ ಗುರುತಿಸುವ 'ಡಾಲಿ' ಎಂಬ ಪರೀಕ್ಷಾಸಾಮಗ್ರಿಯನ್ನು ೨೦೧೫ರಲ್ಲಿ ಹೊರತಂದಿತು. ಅದು ಸಿದ್ಧವಾದ ಭಾಷೆಗಳು ನಾಲ್ಕು: ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್. ಪುಣೆಯ ಕನ್ನಡ ಮಗುವಿಗೆ ಹೇಳಿ ಮಾಡಿಸಿದಂತಿದೆ! ತರಗತಿಯ ಶಿಕ್ಷಕರೇ ಬಳಸಬಹುದಾದ ಮೊದಲ ಹಂತದ ಜರಡಿಯೂ ಅದರಲ್ಲಿದೆ. ಸರಕಾರದ ಸಂಸ್ಥೆಯೊಂದು ಸರಕಾರದ ಹಣದಲ್ಲಿ ಮಾಡಿದ ಸಾಧನವನ್ನು ಕೇಳಿ ಪಡೆಯಲು ನಾವೇಕೆ ಸಂಕೋಚಪಡಬೇಕು? ಅಕ್ಷರ ಬೇರೆಯಾದರೆ ತೊಡಕಿನ ರೂಪವೂ ಬೇರೆಯಾಗುತ್ತದೆ ಎಂಬುದನ್ನು ಪಾಠ ಹೇಳಿದವರೆಲ್ಲ ಬಲ್ಲರು. ಇಂಗ್ಲಿಷಿನಲ್ಲಿ ಸ್ಪೆಲಿಂಗು ಕೈಕೊಡುವ ಮಗು ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳಲ್ಲಿ ಎಡವುತ್ತದೆ, ತಡೆತಡೆದು ಓದುತ್ತದೆ. ಎರಡನ್ನೂ ನೋಡಿದವರಿಗೆ ಮಾತ್ರ ಮಗುವಿನ ನಿಜಸ್ಥಿತಿ ತಿಳಿದೀತು.

ಮನಸ್ಸು ಮಾಡಿದರೆ ಭಾಷೆಗಳು ಒಂದಕ್ಕೊಂದು ಅಡ್ಡಬರುವುದಿಲ್ಲ ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ೧೯೫೧ರಲ್ಲಿ ಒಪ್ಪಿಕೊಂಡ ಭಾರತೀ ಬ್ರೈಲಿನಲ್ಲಿ ಕನ್ನಡದ 'ಕ'ಕಾರಕ್ಕೂ ಮರಾಠಿಯ 'ಕ'ಕಾರಕ್ಕೂ ಚುಕ್ಕೆಗಳು ಒಂದೇ. ಮರಾಠಿ ಬ್ರೈಲ್ ಕಲಿತ ನಮ್ಮ ಅಂಧ ಹುಡುಗನಿಗೆ ಕನ್ನಡ ಬ್ರೈಲ್ ಹೊಸ ಲಿಪಿಯೇ ಅಲ್ಲ. ಎಪ್ಪತ್ತು ವರ್ಷಗಳ ಹಿಂದೆ ಬೆರಳ ತುದಿಗಾಗಿ ತೋರಿದ ಈ ದೂರದೃಷ್ಟಿಯನ್ನು ಇಂದು ಕಿವಿಗಾಗಿ, ನಾಲಿಗೆಗಾಗಿ ತೋರಲು ಅಡ್ಡಿಯೇನು?

ಹಿರಿಯರು ಹೇಳಿದ 'ಭಾಷೆ ಬಿಡುವ ಅವಕಾಶ'ವನ್ನೂ ಸ್ವಲ್ಪ ನೋಡಬೇಕು. ಎರಡನೆಯ, ಮೂರನೆಯ ಭಾಷೆಗಳಿಂದ ವಿನಾಯಿತಿ, ಹೆಚ್ಚಿನ ವೇಳೆ, ಬರೆದುಕೊಡುವವರ ನೆರವು ಇವೆಲ್ಲ ೨೦೧೬ರ ಕಾಯದೆಯ ೧೭ನೆಯ ಕಲಮಿನಲ್ಲಿವೆ. ನಿಜವಾಗಿ ಬೇಕಾದ ಮಗು ಇದನ್ನು ಸಂಕೋಚವಿಲ್ಲದೆ ಪಡೆಯಲಿ. ಆದರೆ ನಮ್ಮ ಮಕ್ಕಳ ಸ್ಥಿತಿ ವಿಚಿತ್ರವಾದದ್ದು. ಶಾಲೆಯಲ್ಲಿ ಇಂಗ್ಲಿಷ್, ೨೦೨೦ರ ಕಾಯದೆಯಂತೆ ಎಲ್ಲ ಶಾಲೆಗಳಲ್ಲಿಯೂ ಮರಾಠಿ, ಮೇಲಿನ ತರಗತಿಗಳಲ್ಲಿ ಹಿಂದಿ. ಮೂರರಲ್ಲಿ ಒಂದೂ ಮನೆಯ ಭಾಷೆಯಲ್ಲ. ೨೦೨೫ರಲ್ಲಿ ಒಂದನೆಯ ಇಯತ್ತೆಯಿಂದಲೇ ಹಿಂದಿ ಬೇಕೋ ಬೇಡವೋ ಎಂದು ರಾಜ್ಯವೆಲ್ಲ ಗದ್ದಲವೆದ್ದಿತು. ಏಪ್ರಿಲಿನಲ್ಲಿ ಹೊರಟ ಆದೇಶ ಜೂನಿನಲ್ಲಿ ತಿದ್ದಲ್ಪಟ್ಟು, ಆ ತಿಂಗಳ ಕೊನೆಗೆ ಪೂರ್ತಿ ಹಿಂತೆಗೆಯಲ್ಪಟ್ಟಿತು. ಭಾಷೆಗಳ ಮಾನ-ಅಪಮಾನಗಳ ಬಗ್ಗೆ ಭಾಷಣಗಳು ಬೇಕಾದಷ್ಟಾದವು. ಒಂದೇ ಲಿಪಿಯಲ್ಲಿ ಒದ್ದಾಡುವ ಮಗುವಿನ ಪಾಡೇನೆಂಬ ಪ್ರಶ್ನೆ ಆ ಗದ್ದಲದಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ.

ಇನ್ನೊಂದು ಉಪದೇಶ ಇನ್ನೂ ಅಪಾಯಕಾರಿಯಾದದ್ದು. "ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷನ್ನೇ ಆಡಿರಿ" ಎಂದು ತಿಳಿದವರೇ ಹೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳು, ಆಟಿಸಂ ಇರುವ ಮಕ್ಕಳು ಎರಡು ಭಾಷೆಯ ಮನೆಯಲ್ಲಿ ಬೆಳೆದರೆ ಅದರಿಂದ ಅವರ ಭಾಷೆಗೆ ಹಾನಿಯಾದದ್ದು ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು, ತಾಯಿಯದು ಅರೆಬರೆ. ಕನ್ನಡ ನಿಂತರೆ ಆ ಮಗುವಿನೊಡನೆ ಮನಬಿಚ್ಚಿ ಮಾತಾಡುವವರು ಮನೆಯಲ್ಲಿ ಯಾರುಳಿದರು? ಮೊದಲೇ ಮಾತು ಕಡಿಮೆಯಿರುವ ಮಗುವಿಗೆ ಇದ್ದ ನಾಲ್ಕು ಮಾತನ್ನೂ ಕಸಿದುಕೊಳ್ಳುವ ಚಿಕಿತ್ಸೆ ಎಂಥ ಚಿಕಿತ್ಸೆ?

ಪ್ರಮಾಣಪತ್ರದ ಮಾತನ್ನೂ ಹೇಳದೆ ವಿಧಿಯಿಲ್ಲ. ಕಲಬುರ್ಗಿ, ವಿಜಾಪುರ, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಗುಳೆ ಬಂದ ನಮ್ಮವರು ಈ ಊರಿನ ಸುತ್ತ ಎಷ್ಟೋ ಮಂದಿಯಿದ್ದಾರೆ. ಊರಲ್ಲಿ ಪಡೆದ ದಾಖಲೆ ಇಲ್ಲಿ ನಡೆಯುವುದಿಲ್ಲ, ಇಲ್ಲಿಯದನ್ನೇ ತನ್ನಿರಿ ಎಂದು ಅವರನ್ನು ತಿರುಗಿಸಿ ಕಳಿಸಿದ್ದನ್ನು ನಾವು ಕಂಡಿದ್ದೇವೆ. ವಾಸದ ಪುರಾವೆ ಎಲ್ಲಿಂದ ತರಬೇಕು? ತಂದರೂ ಆಸ್ಪತ್ರೆಗೆ ಅಲೆದ ಒಂದೊಂದು ದಿನವೂ ಕೂಲಿ ತಪ್ಪಿದ ದಿನ. ಕಾಯದೆಯ ೫೮ನೆಯ ಕಲಮಿನಂತೆ ಪ್ರಮಾಣಪತ್ರ ದೇಶದಾದ್ಯಂತ ಸಲ್ಲುತ್ತದೆ. ಕೌಂಟರಿನ ಆಚೆ ಕುಳಿತವರಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಈಚೆ ನಿಂತವರು ಹೇಳಬಲ್ಲವರಾಗಿರಬೇಕು. ಕಲಿಕಾ ನ್ಯೂನತೆಯ ವಿಷಯದಲ್ಲಂತೂ ೨೦೧೮ರ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮಕ್ಕಳಿಗಷ್ಟೇ ಪ್ರಮಾಣಪತ್ರ ಎಂದಿತು. ಅಲ್ಲಿಯವರೆಗೆ ಶಾಲೆ ಕೈಕಟ್ಟಿ ಕೂರಬೇಕೆಂದು ಇದರರ್ಥವಲ್ಲ. ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಕೈಕೊಳ್ಳಬೇಕೆಂದು ೧೬ನೆಯ ಕಲಮಿನಲ್ಲಿಯೇ ಇದೆ. ಕಾಗದ ಬರುವ ತನಕ ಕಲಿಕೆ ಕಾಯಬೇಕಾಗಿಲ್ಲ.

ಸರಕಾರಕ್ಕೆ ಇಷ್ಟು ಹೇಳಿದ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕಲ್ಲ. ಅಕ್ಕನ ಮದುವೆಗೆ ತೊಡಕಾದೀತೆಂದು ತಮ್ಮನನ್ನು ಒಳಕೋಣೆಯಲ್ಲಿ ಕೂರಿಸುವ ಮನೆಗಳು ನಮ್ಮಲ್ಲಿಲ್ಲವೆ? ಸಂಘದ ಮಕ್ಕಳ ಕಾರ್ಯಕ್ರಮದಲ್ಲಿ ಅಂಥ ಮಗು ವೇದಿಕೆ ಹತ್ತಿದ್ದನ್ನು ಎಷ್ಟು ಸಲ ನೋಡಿದ್ದೇವೆ? ನಮ್ಮವರು ನಡೆಸುವ ಶಾಲೆಗಳ ಮಾತನ್ನೂ ಎತ್ತಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ೨೦೦೯ರ ಶಿಕ್ಷಣ ಹಕ್ಕು ಕಾಯದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಮರಳಿ ಪರಿಶೀಲಿಸಬೇಕೆಂದು ಅದೇ ನ್ಯಾಯಾಲಯದ ಪೀಠವೊಂದು ೨೦೨೫ರ ಸೆಪ್ಟೆಂಬರಿನಲ್ಲಿ ಅಭಿಪ್ರಾಯಪಟ್ಟಿದೆ. ಅದೇನೇ ಇರಲಿ. ಭಾಷಾ ಅಲ್ಪಸಂಖ್ಯಾತರೆಂಬ ರಕ್ಷೆ ನಮಗೆ ಸಿಕ್ಕಿದ್ದು ನಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದಕ್ಕೆ. ಅವರಲ್ಲಿ ದುರ್ಬಲರನ್ನು ಹೊರಗೆ ನಿಲ್ಲಿಸುವುದಕ್ಕಲ್ಲ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬ ೩೫೦-ಎ ವಿಧಿಯನ್ನು ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ ೧೯೫೬ರಲ್ಲಿಯೇ ಸಂವಿಧಾನಕ್ಕೆ ಸೇರಿಸಿದರು. ಅರುವತ್ತು ವರ್ಷಗಳ ಮೇಲೆ ಅಂಗವಿಕಲರ ಹಕ್ಕಿನ ಕಾಯದೆ ಬಂದಿತು. ಹೀಗೆ ನಮ್ಮ ಮಗುವಿಗೆ ಎರಡು ಹಕ್ಕುಗಳಿವೆ. ಎರಡೂ ಬೇರೆ ಬೇರೆ ಕಡತಗಳಲ್ಲಿ, ಬೇರೆ ಬೇರೆ ಕಚೇರಿಗಳಲ್ಲಿ ಬಿದ್ದಿವೆ. ಮಗು ಮಾತ್ರ ಒಂದೇ. ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಡಿಸುವುದು ನಮ್ಮ ಬೇಡಿಕೆಯ ಸಾರ.

ಅದಕ್ಕಾಗಿ ನಾವು ಮುಂಬಯಿಗೋ ದಿಲ್ಲಿಗೋ ಓಡಬೇಕಾಗಿಲ್ಲ. ರಾಜ್ಯದ ಶಿಕ್ಷಣ ಆಯುಕ್ತರ ಕಚೇರಿ, ಪರೀಕ್ಷಾ ಮಂಡಳಿ, ಕನ್ನಡ ಪಠ್ಯಪುಸ್ತಕಗಳನ್ನೂ ಅಚ್ಚುಹಾಕುವ ಬಾಲಭಾರತಿ, ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ಕುಮಠೇಕರ್ ರಸ್ತೆಯ ಸಂಶೋಧನ ಪರಿಷತ್ತು, ಅಂಗವಿಕಲರ ಕಲ್ಯಾಣ ಆಯುಕ್ತಾಲಯ, ಇವೆಲ್ಲವೂ ಈ ಪುಣೆಯಲ್ಲಿಯೇ ಇವೆ. ನಾವು ಕೇಳಬೇಕಾದದ್ದು ನಾಲ್ಕು. ಒಂದನೆಯದಾಗಿ, ಯಾವ ಮಗುವನ್ನೇ ಪರೀಕ್ಷಿಸಲಿ, ಮನೆಯ ಭಾಷೆ ಬಲ್ಲವರೊಬ್ಬರು ಜೊತೆಯಲ್ಲಿರದೆ 'ಬುದ್ಧಿಮಾಂದ್ಯ' ಎಂದಾಗಲಿ 'ಭಾಷೆ ಬಾರದ್ದಷ್ಟೆ' ಎಂದಾಗಲಿ ಬರೆಯಕೂಡದು. ಎರಡನೆಯದಾಗಿ, ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇರುವ ಪರೀಕ್ಷಾಸಾಮಗ್ರಿ ಪುಣೆ, ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ತಪಾಸಣಾ ಕೇಂದ್ರಗಳಲ್ಲಿ ದೊರೆಯಬೇಕು. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳ ಮಕ್ಕಳನ್ನೂ ನೆನೆಯಬೇಕಲ್ಲ! ಮೂರನೆಯದಾಗಿ, ವಿಶೇಷ ಶಿಕ್ಷಕರು ಕೇಂದ್ರಕ್ಕೊಬ್ಬರಂತೆ ಸಾಲದು. ಹತ್ತು ಮಕ್ಕಳಿಗೊಬ್ಬರೆಂಬ ಪ್ರಮಾಣದಂತೆ ಕಾಯಂ ಹುದ್ದೆಗಳಲ್ಲಿ ಬರಬೇಕು. ನಾಲ್ಕನೆಯದಾಗಿ, ಪರರಾಜ್ಯದ ಪ್ರಮಾಣಪತ್ರ ಇಲ್ಲಿಯೂ ಸಲ್ಲುತ್ತದೆಂಬ ಸುತ್ತೋಲೆ ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಬರಬೇಕು.

ಕೇಳುವುದರ ಜೊತೆಗೆ ಮಾಡುವುದೂ ಇದೆ. ನಮ್ಮಲ್ಲಿ ನಿವೃತ್ತ ಶಿಕ್ಷಕ-ಶಿಕ್ಷಕಿಯರಿದ್ದಾರೆ, ವೈದ್ಯರಿದ್ದಾರೆ, ಕನ್ನಡ-ಮರಾಠಿ ಎರಡನ್ನೂ ನೀರು ಕುಡಿದಂತೆ ಆಡುವ ಗೃಹಿಣಿಯರಿದ್ದಾರೆ. ತಪಾಸಣೆಯ ದಿನ ಕನ್ನಡ ಮಗುವಿನ ಪಕ್ಕದಲ್ಲಿ ಕುಳಿತು ದುಭಾಷಿಯ ಕೆಲಸ ಮಾಡಬಲ್ಲವರು, ತಿಂಗಳಿಗೊಂದು ದಿನ ಕೊಡಬಲ್ಲವರು, ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಿರಿ. ಹತ್ತು ಹೆಸರುಗಳಾದರೆ ಪಟ್ಟಿಯನ್ನು ಹಿಡಿದುಕೊಂಡು ನಾವೇ ಆ ಕಚೇರಿಗಳ ಮೆಟ್ಟಿಲು ಹತ್ತುತ್ತೇವೆ. "ಜನರಿಲ್ಲ" ಎಂಬ ನೆವ ಹೇಳಲು ಅವರಿಗೆ ಆಗ ದಾರಿಯಿರುವುದಿಲ್ಲ.

ಪಂಕ್ತಿಯಲ್ಲಿ ಆ ಮಾತನ್ನಾಡಿದ ಹಿರಿಯರೂ ಎರಡು ಭಾಷೆ ಬಲ್ಲವರು. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ದುಡಿದು ಅಲ್ಲಿಯ ರೀತಿನೀತಿಗಳನ್ನು ಕಂಡವರು. ಪಟ್ಟಿಯ ಮೊದಲನೆಯ ಹೆಸರು ಅವರದೇ ಆಗಲಿ ಎಂದು ನಾವು ಮನಃಪೂರ್ವಕ ಕೋರುತ್ತೇವೆ.